ಕ್ಯಾಸೆಟ್ಟಿನ ಎರಡನೇ ಬದಿ

ಕಣ್ಣಿದ್ದವರಿಗೆ ಕೆಟ್ಟ ಪುಸ್ತಕದಿಂದ ಅಂಥ ಅಪಾಯವೇನಿಲ್ಲ. ಬೇಜಾರಾದರೆ ನಾಲ್ಕು ಪುಟ ಹಾರಿಸುತ್ತಾರೆ, ತೀರಾ ಬೇಜಾರಾದರೆ ಮಗುಚಿಟ್ಟು ಕಾಫಿಗೆ ಹೋಗುತ್ತಾರೆ. ಕಿವಿಗೆ ಆ ಸೌಕರ್ಯವಿಲ್ಲ. ಕಥಾನಾಯಕಿಯ ಸೀರೆಯಂಚನ್ನು ಲೇಖಕ ಒಂದೂವರೆ ಪುಟ ಬಣ್ಣಿಸಿದ್ದರೆ ಆ ಒಂದೂವರೆ ಪುಟವನ್ನೂ ಕೂತು ಕೇಳಬೇಕು. ಕ್ಯಾಸೆಟ್ಟನ್ನು ಮುಂದಕ್ಕೆ ಓಡಿಸಿದರೆ ಸೀರೆಯ ಜೊತೆಗೆ ಮದುವೆಯೂ ಮುಗಿದುಹೋಗಿರುತ್ತದೆ.

ಇದು ನನಗೆ ಗೊತ್ತಾದದ್ದು ನಲವತ್ತಾರನೇ ವಯಸ್ಸಿನಲ್ಲಿ. ಅದಕ್ಕೂ ಮುಂಚೆ ಹದಿನೇಳು ವರ್ಷ ಹೊಸೂರಿನ ಕಾರ್ಖಾನೆಯೊಂದರ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದೆ. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳತೆಯ ಗೇಜಿಗೆ ಹಿಡಿದು ನೋಡುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಬಣ್ಣ ಬಳಿದು ಆಚೆಗೆ ಎಸೆಯುವುದು, ಇಷ್ಟೇ ಕೆಲಸ. ಸರಿಯಿದ್ದದ್ದನ್ನು ಹೊಗಳುವ ಪದ್ಧತಿ ಅಲ್ಲಿರಲಿಲ್ಲ. ಸರಿಯಿದ್ದದ್ದು ಸುಮ್ಮನೆ ಮುಂದಕ್ಕೆ ಹೋಗುತ್ತಿತ್ತು. ಆಮೇಲೆ ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ, ಮೊದಲು ಅಕ್ಕಪಕ್ಕ ಕಾಣುವುದು ನಿಂತಿತು, ಬರಬರುತ್ತಾ ಎದುರಿನದೂ ಹೋಯಿತು. ನಾನು ಪಾಸು ಮಾಡಿದ ಒಂದು ಪೆಟ್ಟಿಗೆ ಮಾಲು ಪೂರ್ತಿ ವಾಪಸ್ಸು ಬಂದ ದಿನ ನಮ್ಮ ಮೇಲಿನವರು ನನ್ನ ಭುಜದ ಮೇಲೆ ಕೈಯಿಟ್ಟರು. ಹದಿನೇಳು ವರ್ಷದಲ್ಲಿ ಯಾರೂ ನನ್ನ ಭುಜ ಮುಟ್ಟಿರಲಿಲ್ಲ. ನಾಲ್ಕೇ ತಿಂಗಳಿಗೆ ಅದೇ ಊರಿನ ಆಲಸನತ್ತಂನ ಬಾಡಿಗೆ ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತೆ.

ಹೊಸೂರು ಸೇರಿ ಕೃಷ್ಣಗಿರಿ ಬೇರೆ ಜಿಲ್ಲೆಯಾದ ಮರುವರ್ಷ, ಅಂಗವಿಕಲ ಸರ್ಟಿಫಿಕೇಟಿಗೆಂದು ಅಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಿದ್ದಾಗ ಪಕ್ಕದಲ್ಲಿದ್ದ ಕುರುಡರೊಬ್ಬರು ತೆಲುಗಿನಲ್ಲಿ ಒಂದು ವಿಷಯ ಹೇಳಿದರು. ಬೆಂಗಳೂರಿನಲ್ಲಿ ಪುಸ್ತಕಗಳನ್ನು ಓದಿಸಿ, ಕ್ಯಾಸೆಟ್ಟಿಗೆ ತುಂಬಿ, ಅಂಚೆಯಲ್ಲಿ ಕಳಿಸುವ ಲೈಬ್ರರಿಯೊಂದಿದೆಯಂತೆ. ಓದುವವರೆಲ್ಲ ಸಂಬಳವಿಲ್ಲದೆ ಓದುವವರು. ಕುರುಡರ ಸಾಮಾನಾದ್ದರಿಂದ ಅಂಚೆಯವರೂ ಚಾರ್ಜು ಕೇಳುವುದಿಲ್ಲ. ಹದಿನೈದು ದಿನಕ್ಕೆ ನನ್ನ ಹೆಸರಿಗೆ ಬಟ್ಟೆಯ ಚೀಲವೊಂದು ಬಂತು, ಅದರೊಳಗೆ ಆರು ಕ್ಯಾಸೆಟ್ಟು.

ಮೂರು ವರ್ಷ ಬಿಡದೆ ಕೇಳಿದೆ. ಕಾದಂಬರಿ ಓದುವವರಲ್ಲಿ ಅಭಿನಯಿಸುವವರಷ್ಟು ಪ್ರಾಣ ತಿನ್ನುವವರು ಬೇರೆಯಿಲ್ಲ. ಪಾತ್ರ ಅತ್ತರೆ ತಾವೂ ಅಳುತ್ತಾರೆ, ಮುದುಕಿ ಬಂದರೆ ಗಂಟಲು ನಡುಗಿಸುತ್ತಾರೆ. ಒಬ್ಬಾಕೆ ನಾಯಿ ಬಂದಲ್ಲಿ ಬೊಗಳಿಯೇ ಬಿಟ್ಟರು. ನನಗೆ ಹಿಡಿಸಿದವರು ಒಬ್ಬ ನಿವೃತ್ತ ಗುಮಾಸ್ತರು. ಕೊಲೆಯನ್ನೂ ಹವಾಮಾನ ವರದಿಯ ಹಾಗೆ ಓದಿ ಮುಗಿಸುತ್ತಿದ್ದರು. ಹೆದರಿಕೆ ನನಗೆ ಬಿಟ್ಟ ಸಂಗತಿ, ಓದುವವರು ಯಾಕೆ ಹೆದರಬೇಕು?

ಕಥೆಯಲ್ಲದ ಪುಸ್ತಕಗಳ ಪಾಡು ಬೇರೆ. ಜೀವನಚರಿತ್ರೆಗಳಲ್ಲಿ ಎಲ್ಲ ಮಹನೀಯರೂ ಬೀದಿದೀಪದ ಕೆಳಗೆ ಓದಿದವರೇ. ಆ ಕಾಲದ ಬೀದಿಗಳಲ್ಲಿ ನಡೆದಾಡಲು ಜಾಗವಿತ್ತೋ ಇಲ್ಲವೋ. ಜೀವನದಲ್ಲಿ ಗೆಲ್ಲುವ ಪುಸ್ತಕಗಳೆಲ್ಲ ಬೆಳಿಗ್ಗೆ ಬೇಗ ಏಳಿ ಅನ್ನುತ್ತವೆ, ಎದ್ದು ನಾನೇನು ನೋಡಲಿ? ವಿಜ್ಞಾನದ ಪುಸ್ತಕ ಓದಿದ ಪುಣ್ಯಾತ್ಮರೊಬ್ಬರು ‘ಚಿತ್ರ ಮೂರನ್ನು ಗಮನಿಸಿ’ ಅಂತ ಓದಿ, ನಾನು ಗಮನಿಸಲೆಂದು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಪ್ರತಿ ಪುಸ್ತಕದ ಕೊನೆಯ ಕ್ಯಾಸೆಟ್ಟಿನಲ್ಲಿ ಉಳಿದ ಖಾಲಿ ಜಾಗಕ್ಕೆ ಕೇಳುಗರು ತಮ್ಮ ಅಭಿಪ್ರಾಯ ಹೇಳಿ ಕಳಿಸಬಹುದಿತ್ತು. ಉಳಿದವರು ನಮಸ್ಕಾರ, ಧನ್ಯವಾದ ಹೇಳುತ್ತಿದ್ದರಂತೆ. ನಾನು ಟೇಪು ಮುಗಿಯುವ ತನಕ ಮಾತಾಡುತ್ತಿದ್ದೆ. ಬೊಗಳಿದಾಕೆಗೆ, ನಿಮ್ಮ ಓದಿಗಿಂತ ಬೊಗಳುವುದೇ ಸಹಜವಾಗಿದೆ ಎಂದೆ. ಆಕೆ ಮತ್ತೆ ಓದಲಿಲ್ಲವಂತೆ. ಕೇಳಿ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಈಗ ನನ್ನ ಹೆಂಡತಿಯ ವಿಷಯ. ಅವಳು ಹೊಸೂರಿನ ಹತ್ತಿರದ ತೊರಪಲ್ಲಿ ಕಡೆಯ ರೈತರ ಮನೆಯವಳು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಸ್ಕೂಲಿನಲ್ಲಿ ತಮಿಳು. ಮೂರನ್ನೂ ಬಾಯಿ ತುಂಬ ಆಡುತ್ತಿದ್ದಳು, ಆದರೆ ಓದಲು ಬರೆಯಲು ಬರುತ್ತಿದ್ದುದು ತಮಿಳೊಂದೇ. ನಾನು ಕೋಲಾರದ ಕಡೆಯಿಂದ ಬಂದವನು, ಡಿಗ್ರಿಯವರೆಗೆ ಕನ್ನಡ ಓದಿದವನು. ಮದುವೆಯಾದ ಹೊಸತರಲ್ಲಿ ಬಸ್ಸಿನ ಬೋರ್ಡು ತೋರಿಸಿ ಓದು ನೋಡೋಣ ಎಂದು ಅವಳ ತಮ್ಮಂದಿರ ಎದುರಿಗೇ ಗೇಲಿ ಮಾಡಿದ್ದೆ. ಅವಳು ನಕ್ಕು ಬಸ್ಸು ಹತ್ತಿದ್ದಳು.

ನನ್ನ ಕಣ್ಣು ಹೋದಮೇಲೆ ಅವಳು ಮಹಡಿಯ ಮನೆಯಲ್ಲಿದ್ದ ಕನ್ನಡ ಶಾಲೆಯ ಟೀಚರಮ್ಮನ ಹತ್ತಿರ ಹೋಗಿ ಅ ಆ ಇ ಈ ತಿದ್ದಲು ಶುರು ಮಾಡಿದಳು. ಮೂವತ್ತೆಂಟು ವಯಸ್ಸಾಗಿತ್ತು. ಒಂದು ವರ್ಷಕ್ಕೆ ಪುಸ್ತಕ ಹಿಡಿದು ನನ್ನ ಪಕ್ಕ ಕೂತಳು. ದಿನಾ ಸಾಯಂಕಾಲ ನಾಲ್ಕು ಗಂಟೆಗೆ ಓದು. ಒತ್ತಕ್ಷರ ಬಂದಲ್ಲೆಲ್ಲ ಹಂಪು ಸಿಕ್ಕಿದ ಬಸ್ಸಿನ ಹಾಗೆ ನಿಂತು ದಾಟುತ್ತಿದ್ದಳು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ನಡುನಡುವೆ ಅವಳು ಪುಸ್ತಕದ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. ಕಥೆಯೊಳಗಿನ ಸೊಸೆ ಅತ್ತೆಯ ಕಾಟವನ್ನು ಸಹಿಸಿಕೊಂಡು ಕಣ್ಣೀರಿಡುತ್ತಿದ್ದರೆ ಇವಳು ಓದು ನಿಲ್ಲಿಸಿ, “ಅದ್ಯಾಕಂಗೆ ಅಳ್ತಾ ಕುಂತಿದ್ದೀಯ ತಾಯಿ, ಕೈಕಾಲು ಗಟ್ಟಿಗಿಲ್ವಾ, ಎದ್ದೋಗು” ಅನ್ನುತ್ತಿದ್ದಳು. ಮಾವಿನ ಬೇಸಾಯದ ಪುಸ್ತಕವೊಂದನ್ನು ಓದುವಾಗ ಪ್ರತಿ ಪುಟಕ್ಕೂ ತಕರಾರು. ಬರೆದವರು ಒಂದು ಮರವನ್ನಾದರೂ ಹತ್ತಿದ್ದಾರಾ, ನಮ್ಮ ತಾತ ಹಿಂಗೆ ಮಾಡುತ್ತಿರಲಿಲ್ಲ, ಹಂಗೆ ಮಾಡುತ್ತಿದ್ದರು ಎಂದು ಹೇಳಿ, ಆಮೇಲೆ ಬಿಟ್ಟ ಸಾಲಿನಿಂದ ಮುಂದುವರಿಸುವಳು.

ನಾನು ದಿನವೂ ಬೈದೆ. ಓದುವವಳು ನಲ್ಲಿಯ ಹಾಗಿರಬೇಕು, ನೀರಿನಲ್ಲಿ ನಲ್ಲಿಯ ರುಚಿ ಬರಬಾರದು ಎಂದೆ. ನಿಮ್ಮ ಕಡೆಯ ಕನ್ನಡ ಸಂತೆಗೆ ಸರಿ, ಪುಸ್ತಕಕ್ಕಲ್ಲ ಎಂದೆ. ಇಷ್ಟೆಲ್ಲ ಅಂದರೂ ಮಧ್ಯಾಹ್ನ ಊಟವಾದ ಮೇಲೆ ನಾಲ್ಕು ಯಾವಾಗ ಹೊಡೆಯುತ್ತದೆ ಅಂತ ಕಾಯುತ್ತಿದ್ದೆ. ಲೈಬ್ರರಿಯ ಕ್ಯಾಸೆಟ್ಟು ಬಂದಿದ್ದರೂ ಅದನ್ನು ಬೆಳಿಗ್ಗೆಯೇ ಕೇಳಿ ಮುಗಿಸಿಬಿಡುತ್ತಿದ್ದೆ. ಇದನ್ನು ಅವಳಿಗೆ ಒಂದು ದಿನವೂ ಹೇಳಲಿಲ್ಲ.

ಒಂದು ದಿನ ಅವಳೇ ಕೇಳಿದಳು, ನಾನೂ ಆ ಲೈಬ್ರರಿಗೆ ಓದಿ ಕಳಿಸಲಾ ಎಂದು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವಳು ತನಗಾಗಿ ಇದು ಬೇಕು ಅಂತ ಕೇಳಿದ್ದು ನನಗೆ ನೆನಪಿರುವ ಮಟ್ಟಿಗೆ ಅದೊಂದೇ. ಟೀಚರಮ್ಮನಿಂದ ಫೋನು ಮಾಡಿಸಿ ಎಲ್ಲ ವಿಚಾರಿಸಿಯೂ ಆಗಿತ್ತು. ಹೊಸಬರು ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಅರ್ಧ ಗಂಟೆ ಓದಬೇಕು, ಎರಡನೇ ಬದಿಯಲ್ಲಿ ಕಣ್ಣಿಲ್ಲದ ಕೇಳುಗರೊಬ್ಬರು ಅದರ ಬಗ್ಗೆ ಅಭಿಪ್ರಾಯ ಹೇಳಬೇಕು. ಅದರ ಮೇಲೆ ಅವರು ತೀರ್ಮಾನ ಮಾಡುತ್ತಾರೆ.

ಅವಳು ನಾಲ್ಕು ದಿನ ಅದೇ ಅರ್ಧ ಗಂಟೆಯನ್ನು ಓದಿದಳು. ಕುಕ್ಕರು ಕೂಗಿತೆಂದು ಒಮ್ಮೆ, ಬೀದಿಯಲ್ಲಿ ಆಟೋದವನು ಮೈಕಿನಲ್ಲಿ ತಮಿಳಿನಲ್ಲಿ ಸೀರೆ ಮಾರಿದನೆಂದು ಒಮ್ಮೆ, ಅಳಿಸಿ ಅಳಿಸಿ ಮತ್ತೆ ಓದಿದಳು. ಕೊನೆಗೆ ಕಿಟಕಿಗೆ ಕಂಬಳಿ ಕಟ್ಟಿ ಓದಿದ್ದು ಚೆನ್ನಾಗಿ ಬಂತು. ಒಂದು ಕಥೆ, ಆಮೇಲೆ ಮಾವಿನ ಪುಸ್ತಕದಿಂದ ಒಂದು ಅಧ್ಯಾಯ. ಜಗಳ ಆಡಬಾರದು ಅಂತ ಎಷ್ಟು ಬಿಗಿಹಿಡಿದರೂ ಕಥೆಯಲ್ಲಿ ಒಂದು ಸಲ, ಮಾವಿನಲ್ಲಿ ಎರಡು ಸಲ ಬಾಯಿ ತಪ್ಪಿತ್ತು. ಅದನ್ನು ಅಳಿಸಲು ಅವಳಿಗೆ ಸಮಯವಿತ್ತು, ಅಳಿಸಲಿಲ್ಲ.

ನನಗೆ ಕೇಳಿಸಿದಳು. ಚೆನ್ನಾಗಿತ್ತು. ನಾನು ಕೇಳಿದ ನೂರಾರು ಕ್ಯಾಸೆಟ್ಟುಗಳಲ್ಲಿ ಮನುಷ್ಯರು ಪಕ್ಕದಲ್ಲಿ ಕೂತು ಹೇಳುತ್ತಿದ್ದಾರೆ ಅನ್ನಿಸಿದ್ದು ಅದೊಂದರಲ್ಲೇ. ಆ ಕ್ಷಣಕ್ಕೆ ನನ್ನ ಹೊಟ್ಟೆಯಲ್ಲಿ ಎದ್ದದ್ದು ಮಾತ್ರ ಬರೀ ಕಿಚ್ಚು. ಇವಳು ಊರಿಗೆಲ್ಲ ಓದಲು ಹೊರಟರೆ ನಾನೂ ಊರಿನವರಲ್ಲಿ ಒಬ್ಬನಾಗುತ್ತೇನಲ್ಲ ಅನ್ನಿಸಿತು. ನಾಲ್ಕು ಗಂಟೆ ಅನ್ನುವುದು ನನ್ನದಾಗಿತ್ತು. ಅದನ್ನು ಹಂಚಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳುವ ಯೋಗ್ಯತೆಯೂ ಇರಲಿಲ್ಲ.

ಅಭಿಪ್ರಾಯ ಹೇಳಬೇಕು, ಗುಂಡಿ ಒತ್ತು ಎಂದೆ. ಟೇಪ್ ರೆಕಾರ್ಡರಿನ ಆ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತುವುದು ನನಗೆ ನಿದ್ದೆಯಲ್ಲೂ ಬರುತ್ತಿತ್ತು. ಆದರೂ ಅವಳ ಕೈಯಲ್ಲೇ ಒತ್ತಿಸಿದೆ. ಅವಳು ಒತ್ತಿ, ನನ್ನ ಮಂಡಿಗೆ ತಗುಲುವಷ್ಟು ಹತ್ತಿರ ಕೂತಳು.

ಹನ್ನೆರಡು ನಿಮಿಷ ಮಾತಾಡಿದೆ. ಹೆಂಡತಿ ಎಂದು ಹೇಳಲಿಲ್ಲ, ‘ಈ ಹೆಂಗಸು’ ಎಂದೆ. ಈ ಹೆಂಗಸಿಗೆ ಅಕ್ಷರ ಬಂದಿರುವುದೇ ನಿನ್ನೆ ಮೊನ್ನೆ, ಅದು ಪ್ರತಿ ಸಾಲಿನಲ್ಲೂ ಗೊತ್ತಾಗುತ್ತದೆ ಎಂದೆ. ಕಥೆಯನ್ನು ಕೊಳಾಯಿ ಹತ್ತಿರದ ಮಾತಿನ ಮಟ್ಟಕ್ಕೆ ಇಳಿಸಿದ್ದಾರೆ, ಮಾವಿನ ಪುಸ್ತಕದಲ್ಲಿ ಪಂಡಿತರನ್ನು ತಿದ್ದುವ ಧೈರ್ಯ ಮಾಡಿದ್ದಾರೆ, ಉಚ್ಚಾರಣೆ ಅತ್ತ ಕನ್ನಡವೂ ಅಲ್ಲ ಇತ್ತ ತಮಿಳೂ ಅಲ್ಲ ಎಂದೆ. ಕುರುಡರಿಗೆ ಬೇರೆ ಗತಿಯಿಲ್ಲ ಅಂತ ಸಿಕ್ಕಿದ್ದನ್ನೆಲ್ಲ ತಿನ್ನಿಸಬೇಡಿ ಎಂದೆ. ಕೊನೆಗೆ, ಇವರು ತಮಗೆ ಗೊತ್ತಿರುವ ಕೆಲಸ ಮಾಡಿಕೊಂಡು ಅಡುಗೆಮನೆಯಲ್ಲಿದ್ದರೆ ಎಲ್ಲರಿಗೂ ಕ್ಷೇಮ ಎಂದೆ. ಮಾತಿನ ನಡುವೆ ಎರಡು ಸಲ ಅವಳ ಬಳೆ ಸದ್ದಾಯಿತು. ನಾನು ನಿಲ್ಲಿಸಲಿಲ್ಲ. ಯಾವತ್ತಿಗಿಂತ ಸೊಗಸಾಗಿ ಮಾತು ಬರುತ್ತಿತ್ತು.

ಮುಗಿದಾಗ ಅವಳು ಕೇಳಿದ್ದು ಇಷ್ಟೇ: “ಮುಗೀತಾ? ನಿಲ್ಲಿಸ್ಬುಡ್ಲಾ?”

ಅಳಿಸಿಬಿಡುತ್ತಾಳೆ ಅಂದುಕೊಂಡಿದ್ದೆ. ಅವಳು ಅಳಿಸಲಿಲ್ಲ. ಚೀಲದ ಬಾಯಿ ಹೊಲಿದು, ವಿಳಾಸ ಕನ್ನಡದಲ್ಲೇ ಬರೆದು, ತಾನೇ ಅಂಚೆಗೆ ಹಾಕಿ ಬಂದಳು. ಮಾರನೆಯ ದಿನ ನಾಲ್ಕು ಗಂಟೆಗೆ ಕಾಫಿ ಬಂತು, ಪುಸ್ತಕ ಬರಲಿಲ್ಲ. ಅದರ ಮಾರನೆಯ ದಿನವೂ ಅಷ್ಟೇ. ನಾನೂ ಕೇಳಲಿಲ್ಲ. ಕಣ್ಣಿಗೆ ಹನಿ ಹಾಕುವುದು, ಬಟ್ಟೆ ಮಡಿಸಿ ಕೈಗೆ ಕೊಡುವುದು, ಮುದ್ದೆಗೆ ಸಾರು ಎಲ್ಲಿದೆ ಅಂತ ಬೆರಳು ಹಿಡಿದು ತೋರಿಸುವುದು, ಒಂದೂ ತಪ್ಪಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಜಗಳ ತೆಗೆಯಬಹುದಿತ್ತು. ಅದಕ್ಕೂ ಅವಳು ದಾರಿ ಬಿಡಲಿಲ್ಲ.

ತಿಂಗಳಾದ ಮೇಲೆ ಲೈಬ್ರರಿಗೆ ಹೊಸದಾಗಿ ಬಂದಿದ್ದ ಮೇಡಂ ಫೋನು ಮಾಡಿದರು. ಎತ್ತಿದವನು ನಾನು. ಅವಳು ಅಂಗಡಿಗೆ ಹೋಗಿದ್ದಾಳೆ, ಏನಿದ್ದರೂ ಹೇಳಿ ಎಂದೆ. ಆಕೆಗೆ ಭಾರಿ ಸಂತೋಷ. ಇಲ್ಲಿ ಏಳೆಂಟು ಜನ ಕೇಳುಗರಿಗೆ ಹಾಕಿ ಕೇಳಿಸಿದೆವು, ಎಲ್ಲರೂ ಆ ಬೈಯುವ ಅಮ್ಮನದೇ ಬೇಕು ಅಂತಾರೆ, ಅವರು ಬೈಯುವುದನ್ನು ಮಾತ್ರ ಬಿಡಬಾರದು ಅಂತ ಹೇಳಿ ಎಂದರು. ನಾನು ಎರಡನೇ ಬದಿಯ ವಿಷಯ ಕೇಳಿದೆ.

“ಅಯ್ಯೋ, ಅದ್ಯಾರೋ ಬಹಳ ನೊಂದ ಮನುಷ್ಯ ಇರಬೇಕು ಸಾರ್,” ಎಂದರು ಆಕೆ. “ಪೂರ್ತಿ ಕೇಳೋಕಾಗಲಿಲ್ಲ. ಅಳಿಸಿಬಿಟ್ಟಿದ್ದೀವಿ, ಅದರ ಮೇಲೆ ಅಮ್ಮನ ಕೈಲಿ ಇನ್ನೊಂದು ಕಥೆ ಓದಿಸೋಣ ಅಂತ.”

ಹೇಳುತ್ತೇನೆ ಎಂದು ಫೋನಿಟ್ಟೆ. ಹೇಳಿದೆ ಕೂಡ. ಅವಳು ಹೌದಾ ಎಂದು ತರಕಾರಿ ಚೀಲ ಕೆಳಗಿಟ್ಟಳು.

ಆಮೇಲಿಂದ ಮಧ್ಯಾಹ್ನ ನನ್ನ ಊಟವಾಗುತ್ತಲೂ ಅವಳು ಮಹಡಿಗೆ ಹೋಗುತ್ತಿದ್ದಳು. ಟೀಚರಮ್ಮ ಶಾಲೆಗೆ ಹೋದ ಮೇಲೆ ಆ ಮನೆ ಖಾಲಿ, ಬೀದಿಯ ಸದ್ದೂ ಕಡಿಮೆ. ನಮ್ಮ ಮನೆಯ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತರೆ ತಾರಸಿಯ ಮೂಲಕ ಅವಳ ದನಿ ಇಳಿದು ಬರುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ. ಏರಿಳಿತ ಮಾತ್ರ. ಓದುತ್ತಾ ಓದುತ್ತಾ ಗಕ್ಕನೆ ನಿಂತು ದನಿ ಬೇರೆಯಾದರೆ, ಓಹೋ ಈಗ ಯಾರಿಗೋ ಬೈಯುತ್ತಿದ್ದಾಳೆ ಅಂತ ಗೊತ್ತಾಗುತ್ತಿತ್ತು. ಯಾರಿಗೆ, ಯಾಕೆ, ಅದು ಗೊತ್ತಾಗುತ್ತಿರಲಿಲ್ಲ. ಒಂದು ಸಲ ಸ್ಟೂಲು ಹತ್ತಿ ಕಿವಿಗೊಟ್ಟೆ. ಆಗಲೂ ಕೇಳಿಸಲಿಲ್ಲ. ಸ್ಟೂಲಿನಿಂದ ಇಳಿಯುವಾಗ ಮೊಣಕಾಲು ತರಚಿತು. ಸಾಯಂಕಾಲ ಅವಳು ಅದಕ್ಕೆ ಅರಿಶಿನ ಹಚ್ಚಿದಳು, ಹೇಗಾಯಿತು ಎಂದು ಕೇಳಲಿಲ್ಲ.

ಐದು ತಿಂಗಳು ಹೀಗೆ. ಆ ನಿವೃತ್ತ ಗುಮಾಸ್ತರ ಓದು ಕೂಡ ಸಪ್ಪೆ ಅನ್ನಿಸತೊಡಗಿತು. ಕೊಲೆಯಾದಾಗ ಯಾರಾದರೂ ಸ್ವಲ್ಪ ಬೈಯಬಾರದೇ ಅನ್ನಿಸುತ್ತಿತ್ತು. ಕೃಷ್ಣಗಿರಿಯ ಬೆಂಚಿನ ಮೇಲೆ ಸಿಕ್ಕಿದ್ದ ಆ ಕುರುಡರು ಒಂದು ದಿನ ಫೋನು ಮಾಡಿ, ಹೊಸೂರಿನ ಹೆಂಗಸೊಬ್ಬರು ಓದಿದ್ದು ಬಂದಿದೆ, ನಾನೂ ನನ್ನ ಅಕ್ಕನೂ ಕೂತು ನಕ್ಕೂ ನಕ್ಕೂ ಸಾಕಾಯಿತು, ನಿಮಗೆ ಸಿಕ್ಕಿತಾ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ.

ಅವತ್ತು ಅಡುಗೆಮನೆಯ ಬಾಗಿಲು ಹಿಡಿದು ನಿಂತೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ಕಡ್ಡಿ ಮುರಿಯುವ ಸದ್ದಾಗುತ್ತಿತ್ತು. ನನ್ನ ಬಾಯಲ್ಲಿ ಯಾವತ್ತೂ ಬರದ ದನಿಯಲ್ಲಿ ಹೇಳಿದೆ: “ನಂಗೂ ಒಂದಿಷ್ಟು ಓದೇ.”

ಸೊಪ್ಪಿನ ಸದ್ದು ನಿಲ್ಲಲಿಲ್ಲ.

“ಲೈಬ್ರರಿಗೆ ಫೋನ್ ಮಾಡಿ ಹೆಸ್ರು ಬರ್ಸಿ,” ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಹಾಲಿನವನಿಗೆ ಲೆಕ್ಕ ಹೇಳುವಾಗಿನ ದನಿ. “ಈಗ ಓದಿರೋದಕ್ಕೆ ಹನ್ನೊಂದು ಜನ ಬರ್ಸವ್ರಂತೆ. ನೀವು ಹನ್ನೆರಡ್ನೇರು ಆಯ್ತೀರಿ.”

ನಾನು ಗೋಡೆ ತಡಕಿಕೊಂಡು ಹೋಗಿ ಫೋನು ಎತ್ತಿದೆ. ಮೇಡಂ ಪುಸ್ತಕದ ಹೆಸರು ಬರೆದುಕೊಂಡರು, ನನ್ನ ಹೆಸರು ಬರೆದುಕೊಂಡರು, ಆಮೇಲೆ ಹೊಸ ರಿಜಿಸ್ಟರಿಗೆಂದು ಕಳಿಸಬೇಕಾದ ವಿಳಾಸವನ್ನೂ ಇನ್ನೊಮ್ಮೆ ಕೇಳಿದರು. ಮನೆ ನಂಬರು, ಬೀದಿ, ಆಲಸನತ್ತಂ, ಹೊಸೂರು ಎಂದೆ. ಆ ಕಡೆ ಪೆನ್ನು ಓಡುವ ಸದ್ದು ನಿಂತಿತು. “ಇದು ನಮ್ಮ ಬೈಯುವ ಅಮ್ಮನ ಮನೆ ಅಲ್ವಾ ಸಾರ್?” ಎಂದರು ಆಕೆ. ನಾನು ಪಿನ್‌ಕೋಡನ್ನೂ ಹೇಳಿದೆ.