ಸ್ನಾಯುವಿಗೂ ಒಂದು ‘ದಣಿದಿರಿ’

ಫುಸಾಯೆ ಓಗುರಿ ಜಪಾನಿನ ಮಿಕಾವಾ ಕೊಲ್ಲಿಯ ಕಡೆಯವಳು. ಸಮುದ್ರ ಇಳಿದಾಗ ಕೆಸರಿನಲ್ಲಿ ಚಿಪ್ಪು ಹೆಕ್ಕುತ್ತ ಬೆಳೆದವಳು. ಮದುವೆ ಯಾಕಾಗಲಿಲ್ಲವೆಂದರೆ, “ಯಾರೂ ಸರಿಯಾಗಿ ಕೇಳಲಿಲ್ಲ ಕಣೇ” ಎಂದು ನಗುತ್ತಿದ್ದಳು. ಓಕಾಜಾಕಿಯ ಪ್ರಯೋಗಾಲಯವೊಂದರಲ್ಲಿ ಅವಳು ಸ್ನಾಯುಗಳನ್ನು ನೋಡಿಕೊಳ್ಳುತ್ತಿದ್ದಳು, ನಾನು ಅದೇ ಮಹಡಿಯ ನೆಲ ಒರೆಸುತ್ತಿದ್ದೆ. ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಹುದುಗಿಸಿದ ಸೋಯಾಕಾಳಿನ ಕೆಂಪು ಮಿಸೊ ಸವರಿದ ಅನ್ನದುಂಡೆ ತಿನ್ನುವಾಗ ಅವಳು ಹೇಳುವಳು, ನಾನು ಕೇಳುವೆ.

ಗಿನಿ ಇಲಿಯ ಕರುಳಿನದೊಂದು ಎಳೆ ಬೆಚ್ಚಗಿನ ಉಪ್ಪುನೀರಲ್ಲಿ ತೂಗುತ್ತಿರುತ್ತದೆ. ಕೆಳಗಿನಿಂದ ಅದಕ್ಕೆ ಉಸಿರಾಗುವ ಗಾಳಿಯ ಗುಳ್ಳೆಗಳು. ಎಳೆ ತನ್ನ ಪಾಡಿಗೆ ಕುಗ್ಗುತ್ತದೆ, ಸಡಿಲುತ್ತದೆ. ಅದಕ್ಕೆ ಕಟ್ಟಿದ ಯಂತ್ರದ ಲೇಖನಿ ಕಾಗದದ ಮೇಲೆ ಅಲೆ ಬರೆಯುತ್ತದೆ.

“ಅದರೊಳಗೆ ಕಣ್ಣಿಗೆ ಕಾಣದ ಬಾಗಿಲುಗಳಿವೆ. ಬಾಗಿಲು ತೆರೆದ್ರೆ ಕ್ಯಾಲ್ಸಿಯಂ ನುಗ್ಗುತ್ತೆ, ಸ್ನಾಯು ಮುಷ್ಟಿ ಕಟ್ಟುತ್ತೆ. ನಮ್ಮ ಕೊಲ್ಲಿ ಥರಾನೇ, ಭರತ ಇಳಿತ.”

ಆ ಚಳಿಗಾಲ ಪ್ರಯೋಗಾಲಯದ ಮುಖ್ಯಸ್ಥ ಹಿಬಿನೊ ಮೇಷ್ಟ್ರು ಬೋರಾನ್ ಸೇರಿದ ಪುಡಿಯೊಂದನ್ನು ತಂದರು.

“ಈರುಳ್ಳಿ ಜೊತೆ ಕಲಸಿ ಜಿರಲೆಗೆ ಉಂಡೆ ಇಡ್ತೀವಲ್ಲ, ಆ ಬೋರಿಕ್ ಪುಡೀನಾ?” ಎಂದು ಫುಸಾಯೆಯನ್ನು ಕೇಳಿದೆ.

“ಅದರ ದೂರದ ನೆಂಟ. ಇವನು ಕಾಲೇಜು ಓದಿದೋನು!”

ಪುಡಿ ಬಿದ್ದರೆ ಬಾಗಿಲು ಮುಚ್ಚುತ್ತದೆ, ಅಲೆ ನಿಲ್ಲುತ್ತದೆ. ತೊಳೆದರೆ ಮತ್ತೆ ತೆರೆಯುತ್ತದೆಯೇ? “ಸ್ನಾಯು ಮತ್ತೆ ಏಳದಿದ್ರೆ ಇದು ಬರೀ ವಿಷ, ಕೈಬಿಡೋಣ” ಎಂದಿದ್ದರು ಮೇಷ್ಟ್ರು. ಮಾರ್ಚ್ ಕೊನೆಗೆ ಫುಸಾಯೆ ನಿವೃತ್ತಿ. ಜೀವಮಾನವೆಲ್ಲ ಸ್ನಾಯುಗಳು ಮಲಗುವುದನ್ನೇ ನೋಡಿದವಳು, ಒಂದಾದರೂ ಏಳುವುದನ್ನು ನೋಡಿ ಹೋಗಬೇಕೆಂದಿದ್ದಳು.

ನಮ್ಮಲ್ಲಿ ಕೆಲಸ ಮುಗಿಸಿದವರಿಗೆ ‘ದಣಿದಿರಿ’ ಅನ್ನುತ್ತೇವೆ. ಆ ಮಾತು ಕಿವಿಗೆ ಬಿದ್ದರೆ ದೀಪ ಆರಿಸಿ ಹೊರಡುವುದೇ. ಫುಸಾಯೆ ಅದನ್ನು ಸ್ನಾಯುಗಳಿಗೂ ಹೇಳುತ್ತಿದ್ದಳು. ಪುಡಿ ಪರೀಕ್ಷಿಸಿದ ದಿನ ಅಲೆ ಮಲಗಿದ್ದೇ ತಡ, ತೊಳೆಯುವ ಮೊದಲೇ, ಅಭ್ಯಾಸಬಲದಿಂದ ತಲೆಬಾಗಿ “ದಣಿದಿರಿ” ಅಂದುಬಿಟ್ಟಳು. ಕಪಾಟಿನ ಆಚೆಯಿದ್ದ ಮೇಷ್ಟ್ರು ಕೆಲಸ ಮುಗಿಯಿತೆಂದುಕೊಂಡು ಗಾಳಿಯ ನಲ್ಲಿ ಮುಚ್ಚಿಬಿಟ್ಟರು. ಅವಳು ನೋಡುವಷ್ಟರಲ್ಲಿ ಗುಳ್ಳೆ ನಿಂತು ಎಳೆ ಉಸಿರುಗಟ್ಟಿತ್ತು.

“ಅಯ್ಯೋ ಮೇಷ್ಟ್ರೇ, ನಿಮಗಲ್ಲ, ಅದಕ್ಕೆ ಹೇಳಿದ್ದು!”

“ಕರುಳಿಗೂ ಮರ್ಯಾದೆ ಕೊಡ್ತೀರಿ ಅಂತ ನನಗೇನು ಗೊತ್ತು, ಓಗುರಿ ಅವರೇ?”

ಇಬ್ಬರೂ ತಟ್ಟೆಯತ್ತ ಬಗ್ಗಿದರು. ಉಳಿದದ್ದು ಒಂದೇ ಎಳೆ. ಮರುದಿನ ಆ ಯಂತ್ರ ಬೇರೆಯವರ ಕೋಣೆಗೆ ಹೋಗುವುದಿತ್ತು.

ಫುಸಾಯೆ ನನ್ನ ಬುತ್ತಿಯಿಂದ ಉಪ್ಪಲ್ಲಿ ಊರಿಸಿದ ಹುಳಿಹಣ್ಣೊಂದನ್ನು ಕಿತ್ತುಕೊಂಡು, ಅದರ ಬೀಜವನ್ನು ನಾಲಿಗೆಯಡಿ ಇಟ್ಟು ಒಳಗೆ ಹೋದಳು. ನಾನು ಬಾಗಿಲ ಬಳಿ ಬಟ್ಟೆ ಹಿಂಡುತ್ತ ನಿಂತೆ. ಪುಡಿ ಬಿತ್ತು. ಅಲೆ ಮಲಗಿತು. ಅವಳ ತುಟಿ ಅಲುಗಿತು, ಬೀಜ ಹಲ್ಲಿಗೆ ತಾಕಿ ಟಕ್ಕೆಂದಿತು, ಮಾತು ಹೊರಬರಲಿಲ್ಲ. ಹೊಸ ನೀರು ಹರಿಸಿದಳು, ಮತ್ತೆ ಹರಿಸಿದಳು. ಕಿಟಕಿಯ ಬಿಸಿಲು ಕಾಗದದ ಮೇಲೆ ತೆವಳಿತು. ಗೆರೆ, ನೀರಿಳಿದ ಕೊಲ್ಲಿಯ ಕೆಸರಿನಷ್ಟು ಚಪ್ಪಟೆ. ಗುಳ್ಳೆಗಳ ಸದ್ದಿಗೆ ನನಗೂ ಮಂಪರು ಬಂದು, ಕಾಲಡಿ ಮರಳು ಜಾರಿದ ಹಾಗಾಯಿತು.

ಆಗ ಲೇಖನಿ ನಡುಗಿತು. ಸಣ್ಣದೊಂದು ಅಲೆ, ಅದರ ಬೆನ್ನಿಗೆ ಇನ್ನೊಂದು.

ಫುಸಾಯೆ ಬೀಜವನ್ನು ಅಂಗೈಗೆ ಉಗಿದು, “ಬೆಳಗಾಯ್ತೇನಪ್ಪಾ?” ಅಂದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಳ್ಳುವುದನ್ನು ಮರೆತರು.

ಸಂಜೆಯವರೆಗೂ ಕಾಗದದ ಮೇಲೆ ಕೊಲ್ಲಿ ತುಂಬುತ್ತ ಇಳಿಯುತ್ತ ಇತ್ತು. ಕೊನೆಗೆ ಫುಸಾಯೆ ತಲೆಬಾಗಿ, “ದಣಿದಿರಿ” ಅಂದಳು.

ಮೇಷ್ಟ್ರ ಕೈ ನಲ್ಲಿಯ ಹತ್ತಿರವೇ ನಿಂತಿತು. “ನನಗೋ, ಅದಕ್ಕೋ?”

“ನನ್ನನ್ನೂ ಸೇರಿಸಿ ಮೂವರಿಗೂ,” ಅಂದಳು.