ಹತ್ತು ಎಣಿಸುವಷ್ಟರಲ್ಲಿ

೨೦೧೧ ಜೂನ್ ೬, ಸೋಮವಾರ, ಬೆಳಿಗ್ಗೆ ೧೦.೨೦. ಗಂಗಾನಗರದ ಆ ಮಹಡಿ ಕೋಣೆಯಲ್ಲಿ ವೆಬ್‌ಸೈಟ್ ಮಾಡುವ ಕೆಲಸಕ್ಕೆ ನಾನು ಸೇರಿದೆ. ನನಗೆ ಕೆಲಸ ಕಲಿಸಿದವರು, ಏರಿಯಾದವರೆಲ್ಲ ನಿಧಾನವೆಂದು ಶಾಪ ಹಾಕುತ್ತಿದ್ದ ಇಂಟರ್‌ನೆಟ್ ಕನೆಕ್ಷನ್ನನ್ನೇ ಬೇಕೆಂದೇ ಹಾಕಿಸಿಕೊಂಡಿದ್ದರು. ಪುಟ ತೆರೆಯುವಾಗ ಒಂದೊಂದೇ ಬೆರಳು ಮಡಚಿ ಎಣಿಸುತ್ತಿದ್ದರು. "ಬೈಕೊಂಡು ಬಳಸೋರಿಗೂ ಹತ್ತರೊಳಗೆ ಬರ್ಬೇಕು ಕಣಮ್ಮ." ಆ ವಾರ ಈ ಮಾತನ್ನು ಹತ್ತೊಂಬತ್ತು ಸಲ ಹೇಳಿದರೆಂದು ನನ್ನ ಡೈರಿಯಲ್ಲಿದೆ.

ನನ್ನ ಮೊದಲ ಸೈಟು ಚಿಕ್ಕಬಾಣಾವರದ ಒಂದು ಕಲ್ಯಾಣಮಂಟಪದ್ದು. ಮೊದಲ ಪುಟದಲ್ಲಿ ಉರಿಯುವ ದೀಪದ ಚಲಿಸುವ ಚಿತ್ರ ಬೇಕೇ ಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ ಎಂದು ಮಾಲೀಕರು ಹಟ ಹಿಡಿದರು. ನನಗೆ ಕಲಿಸುತ್ತಿದ್ದ ಇವರು ವಾದಿಸಲಿಲ್ಲ. "ನಿಮ್ಮನೇಲೇ ನೋಡೋಣ ಬನ್ನಿ ಸಾರ್" ಎಂದು ನನ್ನನ್ನೂ ಕರೆದುಕೊಂಡು ಹೊರಟರು. ಅಲ್ಲೂ ಅದೇ ಕನೆಕ್ಷನ್. ಮೊದಲು ದೀಪವಿಟ್ಟು ಮಾಡಿದ್ದ ಪುಟ ತೆರೆದೆವು. ಇವರ ಬೆರಳುಗಳು ಮಡಚಿದವು, ಬಿಚ್ಚಿದವು, ಮತ್ತೆ ಮಡಚಿದವು. ನಲವತ್ತಾರು ಎಣಿಸಿದರೂ ಪರದೆ ಬಿಳಿಯಾಗಿಯೇ ಇತ್ತು. ಮಾಲೀಕರ ತಾಯಿ ಇಣುಕಿ ನೋಡಿ, "ದೀಪ ಅಚ್ಚೋಕೆ ಇಷ್ಟೊತ್ತಾ? ಮೂರ್ತ ಮೀರೋಯ್ತದೆ ಕಣಪ್ಪ" ಎಂದರು.

ಆಗ ನಾನು ದೀಪವಿಲ್ಲದೆ ಮಾಡಿಟ್ಟಿದ್ದ ಪುಟ ತೆರೆದೆ. ಹೆಸರು, ಫೋನ್ ನಂಬರು, ಖಾಲಿಯಿರುವ ದಿನಗಳು, ಅಷ್ಟೇ. ಏಳನೆಯ ಬೆರಳಿಗೆ ಎಲ್ಲವೂ ಬಂತು.

"ಇದೇ ಇರ್ಲಿ ಬಿಡಿ" ಎಂದರು ಮಾಲೀಕರು. ಇವರು ಉಳಿದ ಮೂರು ಬೆರಳುಗಳನ್ನು ನನ್ನತ್ತ ಆಡಿಸಿದರು.

ಆ ಕೋಣೆಯಲ್ಲಿ ಈಗ ಟೈಲರ್ ಅಂಗಡಿಯಿದೆ. ನನಗೆ ಕೆಲಸ ಕಲಿಸಿದ ಅವರು ಎಲ್ಲಿದ್ದಾರೆಂದು ಗೊತ್ತಿರುವವರು ದಯವಿಟ್ಟು ನನಗೆ ಬರೆಯಿರಿ. ನನ್ನ ಈಚಿನ ಪುಟ ಐದು ಎಣಿಸುವಷ್ಟರಲ್ಲೇ ತೆರೆಯುತ್ತದೆ, ಅವರಿಗೆ ಹೇಳಬೇಕು.