ಹನುಮಂತಯ್ಯ ತೊಳೆದ ಫೋನು

ನಮ್ಮೂರ ಡೈರಿಯಲ್ಲಿ ಹಾಲು ಅಳೆದುಕೊಳ್ಳುವವನು ಹನುಮಂತಯ್ಯ. ಇಡೀ ವಿರೂಪಾಕ್ಷಿಪುರ ಹೋಬಳಿ ಹುಡುಕಿದರೂ ಇಂಥ ಚೊಕ್ಕಟದ ಮನುಷ್ಯ ಸಿಗುವುದಿಲ್ಲ. ಚೊಕ್ಕಟ ಅಂದರೆ, ಅದೊಂದು ಕಾಯಿಲೆ ಅನ್ನಿ. ಹಾಲು ಹಾಕಿದ ಮೇಲೆ ಖಾಲಿ ಕ್ಯಾನು ಹಿಡಿದು ಯಾರಾದರೂ ಹರಟೆಗೆ ನಿಂತರೆ ಸಾಕು, "ಮೊದ್ಲು ಹೋಗಿ ತೊಳಿಲಾ. ಒಂದ್ ತೊಟ್ಟು ಹಳೇದು ಉಳ್ಕಂಡ್ರೆ ಹೊಸ ಹಾಲೆಲ್ಲ ಒಡ್ದೋಯ್ತದೆ" ಎಂದು ನಲ್ಲಿಯ ಕಡೆ ಅಟ್ಟುತ್ತಾನೆ. ಅವನ ಮನೆಯಲ್ಲಿ ಕಾಫಿ ಕುಡಿಯುವುದೂ ಕಷ್ಟ. ಲೋಟದಲ್ಲಿ ಇನ್ನೊಂದು ಗುಟುಕು ಇರುವಾಗಲೇ ತೊಳೆಯಲು ಕೈ ಚಾಚಿರುತ್ತಾನೆ. ನಾನು ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದೇನೆ.

ಅವನಿಗೊಬ್ಬ ಅಣ್ಣ, ಹುಚ್ಚಯ್ಯ. ಹುಟ್ಟಾ ಎಡಚ. ನಮಗಿನ್ನೂ ಮೀಸೆ ಮೂಡದ ಕಾಲದಲ್ಲಿ, ನೆಂಟರ ಮದುವೆಯೊಂದರಲ್ಲಿ, ಹುಚ್ಚಯ್ಯ ಮರೆತು ಎಡಗೈಯಲ್ಲಿ ಅನ್ನ ಬಡಿಸಿಬಿಟ್ಟ. ಬೀಗರ ಕಡೆಯವರು ಎಲೆ ಬಿಟ್ಟು ಎದ್ದರು. ಅವರಪ್ಪ ದೊಡ್ಡಹನುಮಯ್ಯ ಮುಂಗೋಪಿ. ಪಂಕ್ತಿಯ ನಡುವೆಯೇ ಮಗನಿಗೆ ಚಪ್ಪಲಿಯಲ್ಲಿ ಹೊಡೆದ. ಹುಚ್ಚಯ್ಯ ಕೈಯಲ್ಲಿದ್ದ ಅನ್ನದ ಬುಟ್ಟಿಯನ್ನು ಕೆಳಗಿಟ್ಟು ಚಪ್ಪರದಿಂದ ಹೊರಗೆ ನಡೆದವನು ಚನ್ನಪಟ್ಟಣದಲ್ಲಿ ರೈಲು ಹತ್ತಿದ ಅಂತ ಯಾರೋ ಹೇಳಿದರು. ಮತ್ತೆ ಬರಲಿಲ್ಲ.

ತಾಯಿ ಮುನಿಯಮ್ಮ ಅನ್ನ ಬಿಟ್ಟಳು. ಆಗ ಶುರುವಾಯಿತು ನೋಡಿ ಹನುಮಂತಯ್ಯನ ಸುಳ್ಳಿನ ಕಸುಬು. "ಅವ್ವ, ಹಾಸನದ ಲಾರಿಯೋನು ಅಣ್ಣನ್ನ ನೋಡ್ದನಂತೆ, ಒಸಿ ದಪ್ಪ ಆಗವ್ನಂತೆ" ಅನ್ನುತ್ತಿದ್ದ. ಮುನಿಯಮ್ಮ ಅವತ್ತು ಒಂದು ಮುದ್ದೆ ಉಣ್ಣುತ್ತಿದ್ದಳು. ಮತ್ತೆ ಯಾವಾಗಲೋ ಮಂಕಾದರೆ ಅರಸೀಕೆರೆಯಲ್ಲಿ ನೋಡಿದವರು ಹುಟ್ಟಿಕೊಳ್ಳುತ್ತಿದ್ದರು. ಅಪ್ಪ ಸತ್ತ, ಹನುಮಂತಯ್ಯನಿಗೆ ಭಾನುಪ್ರಿಯಳ ಜೊತೆ ಮದುವೆಯಾಯಿತು, ಮಕ್ಕಳಾದವು. ಹುಚ್ಚಯ್ಯ ಮಾತ್ರ ತಮ್ಮನ ಬಾಯಲ್ಲಿ ಊರೂರು ಸುತ್ತುತ್ತಲೇ ಇದ್ದ.

ಹೋದ ಯುಗಾದಿಗೆ ಬಂದ ಸೋದರಮಾವ ಒಂದು ಮಾತು ಎತ್ತಿದ. ಇಷ್ಟು ವರ್ಷ ಸುಳಿವಿಲ್ಲದವನು ಬದುಕಿದ್ದಾನೆ ಅಂತ ಕೂತರೆ ಆ ಜೀವ ಉಪವಾಸ ಅಲೆಯುತ್ತದೆ, ಈ ಪಿತೃಪಕ್ಷಕ್ಕೆ ಅಪ್ಪನ ಪಕ್ಕದಲ್ಲಿ ಅವನಿಗೂ ಒಂದು ಎಡೆ ಇಟ್ಟುಬಿಡಿ ಅಂದ. ಎಡೆ ಇಡುವುದೆಂದರೆ ಸತ್ತ ಅಂತ ಒಪ್ಪಿಕೊಂಡಂತೆ. ಇಂಥ ಮಾತಿಗೆ ಹಿಂದೆಲ್ಲ ರೇಗುತ್ತಿದ್ದ ಮುನಿಯಮ್ಮ ಈ ಸಲ ಸುಮ್ಮನೆ ತಲೆಯಾಡಿಸಿದಳು. ಹನುಮಂತಯ್ಯ ಡೈರಿಗೆ ಬಂದು ತೊಳೆದ ಕ್ಯಾನನ್ನೇ ಮತ್ತೆ ತೊಳೆದ.

ಮೇ ತಿಂಗಳಲ್ಲಿ ಹಾಲಿನ ಸಂಘದವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಪ್ರವಾಸ ಹೊರಟೆವು. ಧರ್ಮಸ್ಥಳ, ಮುರುಡೇಶ್ವರ, ಜೋಗ, ವಾಪಸ್ಸು. ಹನುಮಂತಯ್ಯ ಆ ವರ್ಷವಷ್ಟೇ ಹೊಸ ಫೋನು ತಗೊಂಡಿದ್ದ. ಚೆನ್ನಾಗಿ ಬರುತ್ತದೆ ಅಂತ ಬಸ್ಸಿನವರೆಲ್ಲ ಅವನ ಮುಂದೆಯೇ ನಿಂತರು. ಹೆಂಗಸರು ಸೆರಗು ಸರಿಮಾಡಿಕೊಂಡು "ನಮ್ದೊಂದು" ಅನ್ನುವರು, ಗಂಡಸರು ಹೊಟ್ಟೆ ಒಳಗೆಳೆದುಕೊಂಡು "ನಮ್ದೊಂದು" ಅನ್ನುವರು. ಇವನಿಗೆ ದೇವರ ಮುಖ ನೋಡಲೂ ಪುರಸೊತ್ತಿಲ್ಲ.

ಮುರುಡೇಶ್ವರದಲ್ಲಿ ನಾವೆಲ್ಲ ಕಡಲಿಗಿಳಿದಾಗ ಅವನೊಬ್ಬ ಎಳನೀರು ಕುಡಿಯಲು ದಂಡೆಯ ಆ ತುದಿಗೆ ಹೋದ. ತಳ್ಳುಗಾಡಿಯವನು ಬಗ್ಗಿ ಕಾಯಿ ಹುಡುಕುತ್ತಾ, "ಒಸಿ ತಾಳಿ ಅಣ್ಣ, ಗಂಜಿ ಇರೋದು ಕೊಡ್ತೀನಿ" ಅಂದನಂತೆ. ಆ ಕಡಲ ದಂಡೆಯಲ್ಲಿ ನಮ್ಮ ಕಡೆಯವರ ಹಾಗೆ 'ಒಸಿ' ಅನ್ನುವವರು ಯಾರು? ಹನುಮಂತಯ್ಯ ನೋಡಿದ. ಮಚ್ಚು ಎಡಗೈಯಲ್ಲಿತ್ತು. ಕೂದಲು ನೆರೆತು ಮುಖ ಕಪ್ಪಿಟ್ಟಿದ್ದರೂ ಹುಬ್ಬು ಅಪ್ಪನದೇ.

"ಅಣ್ಣ, ನಾನು ಹನುಮ" ಅಂದ.

ಹುಚ್ಚಯ್ಯ ಕಾಯಿ ಕೆತ್ತುವುದನ್ನು ನಿಲ್ಲಿಸಿದ. "ಅಪ್ಪ ಅವ್ನಾ?" ಅಂತ ಕೇಳಿದ.

"ಇಲ್ಲ. ಹೊಂಟೋಗ್ಬುಟ್ಟ."

"ಅವ್ವ?"

"ಅವ್ಳೆ. ನಿನ್ನೇ ಕಾಯ್ತಾ ಅವ್ಳೆ. ಬಾ, ಬಸ್ಸೈತೆ, ಹೋಗವ."

ಹುಚ್ಚಯ್ಯ ಬರಲು ಒಪ್ಪಲಿಲ್ಲ. "ಯಾವ್ ಮಕ ಹೊತ್ಕಂಡ್ ಬರ್ಲೋ? ಊರೋರ್ನ ಯಾರ್ನೂ ಇಲ್ಲಿಗ್ ಕರೀಬ್ಯಾಡ, ನನ್ನಾಣೆ. ಬೇಕಾದ್ರೆ ಒಂದ್ ಫೋಟೋ ತಕ್ಕೊ. ಬದ್ಕವ್ನೆ ಅಂತ ಅವ್ವಂಗ್ ತೋರ್ಸು, ಅಷ್ಟೇ ಸಾಕು" ಅಂದ. ನಂಬರು ಕೇಳಿದರೂ ಕೊಡಲಿಲ್ಲ. ಹನುಮಂತಯ್ಯ ಗಾಡಿಯ ಪಕ್ಕದಲ್ಲಿ ಅಣ್ಣನ ಹೆಗಲಿಗೆ ತಲೆ ತಾಗಿಸಿ ತಾನೇ ಒಂದು ಫೋಟೋ ಹೊಡೆದುಕೊಂಡ. ಎಳನೀರಿಗೆ ಹುಚ್ಚಯ್ಯ ಕಾಸು ಮುಟ್ಟಲಿಲ್ಲ.

ಬಸ್ಸಿಗೆ ಬಂದವನ ಕಣ್ಣು ಕೆಂಪಾಗಿತ್ತು. ಕೇಳಿದ್ದಕ್ಕೆ ಉಪ್ಪುನೀರು ಅಂದ. ನಾನು ನಂಬಿದೆ. ಆಣೆ ಹಾಕಿಸಿಕೊಂಡವನು ಪಾಪ ಇನ್ನೇನು ಹೇಳಿಯಾನು. ಆ ಫೋಟೋವನ್ನು ಕೈಯಾರೆ ಅವ್ವನಿಗೆ ತೋರಿಸಬೇಕು ಅಂತ ಅವನ ಆಸೆ, ಅದಕ್ಕೇ ಮನೆಗೂ ಕಳಿಸದೆ ಇಟ್ಟುಕೊಂಡ.

ಮಾರನೇ ದಿನ ಜೋಗ. ಬೇಸಿಗೆಯ ಜೋಗ, ಬತ್ತಿದ ಹಸುವಿನ ಕೆಚ್ಚಲಿನಲ್ಲಿ ಬರುವಷ್ಟು ಧಾರೆ. ಆದರೂ ನಾವೆಲ್ಲ ಸಾಲಾಗಿ ನಿಂತೆವು. ಹನುಮಂತಯ್ಯ ಒತ್ತಿದ, ಫೋನು ಜಾಗವಿಲ್ಲ ಅಂದಿತು. ಮತ್ತೆ ಒತ್ತಿದ, ಮತ್ತೆ ಅದೇ. "ಏನ್ಲಾ, ನಮ್ ಸರದಿ ಬಂದಾಗ್ಲೇ ಕೆಟ್ಟೋಯ್ತಾ?" ಅಂತ ಗದ್ದಲ ಎದ್ದಿತು. ಬಸ್ಸಿನಲ್ಲಿದ್ದ ಶಿವಕುಮಾರ್ ಮೇಷ್ಟ್ರು, "ಇರೋ ಫೋಟೋ ಎಲ್ಲ ವಾಟ್ಸಾಪಲ್ಲಿ ಕಳ್ಸಿಬಿಡಿ ಹನುಮಂತಯ್ಯ, ಹೋದ್ಮೇಲೆ ಫೋನಿಂದ ಅಳಿಸಿ" ಅಂದರು. ಮೇಷ್ಟ್ರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಫೋಟೋ ಹೋದ ಮೇಲೆ ಅಂದಿದ್ದರು.

ಹನುಮಂತಯ್ಯ ನಮ್ಮ ಫೋಟೋಗಳನ್ನೆಲ್ಲ ಪ್ರವಾಸದ ಗ್ರೂಪಿಗೆ ಕಳಿಸಿದ. ಅಣ್ಣನ ಫೋಟೋ ಒಂದನ್ನು ಮಾತ್ರ ಭಾನುಪ್ರಿಯಳಿಗೆ ಕಳಿಸಿದ. ಅಲ್ಲಿ ಸಿಗ್ನಲ್ಲು ಒಂದು ಗೀಟು ಬಂದರೆ ಎರಡು ಸಲ ಹೋಗುತ್ತಿತ್ತು. ಪ್ರತಿ ಫೋಟೋದ ಮೂಲೆಯಲ್ಲೂ ಇನ್ನೂ ಹೋಗಿಲ್ಲ ಅನ್ನುವ ಪುಟ್ಟ ಗಡಿಯಾರದ ಗುರುತು ಇತ್ತು. ಇವನಿಗೇನು ಗೊತ್ತು? ಇವನ ಲೆಕ್ಕದಲ್ಲಿ ಹಾಲು ಸುರಿದ ಮೇಲೆ ಪಾತ್ರೆ ತೊಳೆಯಬೇಕು, ಅಷ್ಟೇ. ಎಲ್ಲವನ್ನೂ ಅಳಿಸಿದ. ಅಳಿಸಿದ್ದು ಕಸದ ಬುಟ್ಟಿಯ ಗುರುತಿರುವ ಇನ್ನೊಂದು ಕಡೆ ಉಳಿದಿತ್ತು. ಕ್ಯಾನಿನ ಕಂಠದಲ್ಲಿ ಅಂಟಿದ ಕೆನೆಯನ್ನೂ ಬಿಡದವನು ಇದನ್ನು ಬಿಡುತ್ತಾನೆಯೇ? ಅದನ್ನೂ ಖಾಲಿ ಮಾಡಿದ. "ನೋಡ್ಲಾ, ಈಗ ಫಳಫಳ ಅಂತೈತೆ" ಎಂದು ನನಗೆ ತೋರಿಸಿದ. ಆಮೇಲೆ ನಮ್ಮನ್ನೆಲ್ಲ ಜೋಗದ ಮುಂದೆ ನಿಲ್ಲಿಸಿ ಮನಸಾರೆ ಫೋಟೋ ಹೊಡೆದ.

ಊರಿಗೆ ಬಂದು ಇಳಿದವನೇ ಕಾಲೂ ತೊಳೆಯದೆ ಒಳಗೆ ಹೋಗಿ, "ಭಾನು, ಫೋಟೋ ಬಂತಾ?" ಅಂದ.

"ಯಾವ್ ಫೋಟೋ? ಏನೂ ಬಂದಿಲ್ವಲ್ಲ" ಅಂದಳು ಅವಳು.

ತನ್ನ ಫೋನು ತೆಗೆದು ನೋಡಿದ. ಅವಳಿಗೆ ಕಳಿಸಿದ ಜಾಗದಲ್ಲಿ ಮಸುಕಾದ ಒಂದು ಚೌಕ ಇತ್ತು, ಅದರ ಮೇಲೊಂದು ಬಾಣ. ಒತ್ತಿದರೆ ಈ ಫೋಟೋ ಫೋನಿನಲ್ಲಿ ಇಲ್ಲ ಅನ್ನುತ್ತಿತ್ತು. ಚೌಕದಲ್ಲಿ ಹಸಿರು ಒಂದಷ್ಟು, ನೀಲಿ ಒಂದಷ್ಟು, ಅಂಟಿಕೊಂಡ ಎರಡು ಕಪ್ಪು ಮಚ್ಚೆ. ಅವೇ ಅಣ್ಣ ತಮ್ಮ. ಅವತ್ತು ಸಂಜೆ ಡೈರಿಯ ಹಿಂದೆ ನನ್ನನ್ನು ಕರೆದು ಎಲ್ಲವನ್ನೂ ಹೇಳಿ, ಚಿಕ್ಕ ಮಗುವಿನ ಹಾಗೆ ಬಿಕ್ಕಿದ. ನನಗೆ ಸಂಕಟವಾಯಿತು. ಬೈಯಬೇಕು ಅನ್ನಿಸಿತು, ಯಾರನ್ನು ಬೈಯಲಿ?

ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ಸಾಬೀರನ ಮೊಬೈಲ್ ಅಂಗಡಿಗೆ ಹೋದೆವು. ಸಾಬೀರ್ ಒಳ್ಳೆಯವನು, ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ ಮಧ್ಯಾಹ್ನದವರೆಗೂ ತಿಣುಕಿದ. ಏನೇನೋ ಎದ್ದು ಬಂದವು. ಯಾವತ್ತೋ ಅಳಿಸಿದ ಗುಡ್ ಮಾರ್ನಿಂಗ್ ಹೂವುಗಳು, ಸತ್ತುಹೋದ ಕರು, ಯಾರದೋ ಗೃಹಪ್ರವೇಶದ ಕರೆಯೋಲೆ. ಹುಚ್ಚಯ್ಯ ಏಳಲಿಲ್ಲ.

"ಅಳಿಸಿದ್ಮೇಲೆ ಮತ್ತೆ ಫೋಟೋ ಹೊಡ್ದಿದೀರಲ್ಲ ಅಣ್ಣ. ಆ ಜಾಗದ ಮೇಲೆ ಅವು ಬಂದು ಕೂತ್ಬಿಟ್ಟಿವೆ" ಅಂದ ಸಾಬೀರ್.

ಯಾವುವು ಅಂತ ನಾವು ಕೇಳಲಿಲ್ಲ. ಜೋಗದ ಮುಂದೆ ಹಲ್ಲು ಕಿರಿದು ನಿಂತ ನಮ್ಮ ಫೋಟೋಗಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಆ ತುತ್ತನ್ನು ನಾವೇ ಉಂಡಿದ್ದೆವು.

ಇನ್ನುಳಿದದ್ದು ಒಂದೇ ದಾರಿ, ಮತ್ತೆ ಮುರುಡೇಶ್ವರ. ಡೈರಿಗೆ ಬದಲಿ ಜನ ಸಿಕ್ಕಿ ನಾವಿಬ್ಬರು ಹೊರಡುವ ಹೊತ್ತಿಗೆ ಮಳೆಗಾಲ ಹಿಡಿದಿತ್ತು. ಕಡಲು ರೇಗಿ ದಂಡೆಯನ್ನೇ ನುಂಗಿತ್ತು, ಒಂದು ತಳ್ಳುಗಾಡಿಯೂ ಇರಲಿಲ್ಲ. ಹುಚ್ಚಯ್ಯ ಅನ್ನುವ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ. ಎಡಗೈಯವನು ಅಂದಾಗ ಚಹಾ ಅಂಗಡಿಯವರೊಬ್ಬರು, "ಹೌದು, ಒಬ್ಬ ಇದ್ದ. ಮಳೆಗೆ ಅವರೆಲ್ಲ ಎಲ್ಲೆಲ್ಲಿಗೋ ಹೋಗ್ತಾರೆ ಮಾರಾಯ್ರೆ. ದೀಪಾವಳಿ ಮೇಲೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ" ಅಂದರು. ಪಿತೃಪಕ್ಷ ಬರುವುದು ದೀಪಾವಳಿಗೆ ಮೊದಲು. ಹನುಮಂತಯ್ಯ ಮಳೆಯಲ್ಲಿ ನೆನೆಯುತ್ತಾ ಆ ತುದಿಯವರೆಗೂ ಒಮ್ಮೆ ನಡೆದು ಬಂದ. ನಾನು ತಡೆಯಲಿಲ್ಲ.

ಪಿತೃಪಕ್ಷ ಹತ್ತಿರ ಬಂತು. ಸೋದರಮಾವ ಎರಡು ಪಂಚೆ, ಎರಡು ಅಂಗಿ ತಂದಿಟ್ಟು ಹೋದ. ಆಗ ಹನುಮಂತಯ್ಯ ತಡೆಯಲಾರದೆ ಅವ್ವನ ಮುಂದೆ ಕೂತು ಎಲ್ಲವನ್ನೂ ಹೇಳಿದ. ನನ್ನನ್ನೂ ಜೊತೆಗೆ ಕೂರಿಸಿಕೊಂಡಿದ್ದ. ಫೋನು ಕೈಗೆ ಕೊಟ್ಟು, "ನೋಡವ್ವ, ಇದು ಅಣ್ಣ, ಇದು ನಾನು" ಎಂದು ಬೆರಳಿಟ್ಟು ತೋರಿಸಿದ.

ಮುನಿಯಮ್ಮ ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. "ಏನೋ ಮೋಡ ಕವುದಂಗ್ ಐತಲ್ಲಪ್ಪ" ಅಂದಳು.

"ನಿಜ ಕಣವ್ವ, ಅವ್ನು ಬಸ್ಸಿಗ್ ಬಂದಾಗ ಕಣ್ಣೆಲ್ಲ ಕೆಂಪಾಗಿತ್ತು" ಅಂದೆ ನಾನು.

"ನೀನ್ ನೋಡ್ದಾ ಮಗ, ಹುಚ್ಚನ್ನ?"

"ಇಲ್ಲ ಕಣವ್ವ" ಅಂದೆ.

ಮುನಿಯಮ್ಮನಿಗೆ ಸಿಟ್ಟು ಬರಲಿಲ್ಲ. ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು. ಹನುಮಂತಯ್ಯನ ತಲೆ ಸವರಿದಳು. "ಹಾಸನ್ದಾಗ್ ನೋಡುದ್ರು, ಅರಸೀಕೆರೇಲಿ ನೋಡುದ್ರು ಅಂತಿದ್ದಲ್ಲ, ನಂಗೆಲ್ಲ ಗೊತ್ತಿತ್ತು ಕಣಪ್ಪ. ನಾನ್ ಉಣ್ಲಿ ಅಂತ ಪಾಪ ಎಷ್ಟು ಕಷ್ಟಪಟ್ಟೆ. ನೀನ್ ಇದ್ದೆ ಅಂತ ನಾನ್ ಉಳ್ಕಂಡೆ. ಇನ್ ಸಾಕು ಬುಡು, ನಂಗೆ ಧೈರ್ಯ ಬಂದೈತೆ" ಅಂದಳು.

ಅಷ್ಟು ವರ್ಷ ಸುಳ್ಳು ಸಲೀಸಾಗಿ ಹೊರಟ ಹನುಮಂತಯ್ಯನ ಬಾಯಿಂದ ಈಗ ಹೊರಟ ನಿಜ ಅವಳಿಗೆ ಇನ್ನೊಂದು ಸುಳ್ಳಾಗಿಯೇ ಕೇಳಿಸಿತ್ತು. ಅಷ್ಟು ಪ್ರೀತಿಯಿಂದ ಸಮಾಧಾನ ಮಾಡುವ ತಾಯಿಯ ಜೊತೆ ಯಾರು ಜಗಳವಾಡಿಯಾರು?

ಎಡೆಯ ದಿನ ನಾನೂ ಹೋಗಿದ್ದೆ. ನಡುಮನೆಯಲ್ಲಿ ಎರಡು ಬಾಳೆಲೆ, ಎರಡರ ಪಕ್ಕದಲ್ಲೂ ಹೊಸ ಪಂಚೆ, ಅಂಗಿ. ಮುದ್ದೆ, ಬಾಡಿನ ಸಾರು, ಕಡುಬು. ಧೂಪ ಹಾಕಿದ ಮೇಲೆ ಮನೆಯ ಗಂಡುಮಗ ಹೆಸರು ಹಿಡಿದು ಕರೆಯಬೇಕು, ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಅದು ನಮ್ಮ ಕಡೆಯ ಪದ್ಧತಿ. ಹನುಮಂತಯ್ಯ ಅಪ್ಪನನ್ನು ಎಲ್ಲರೂ ಕರೆಯುವ ಹಾಗೆ ಮೆಲ್ಲಗೆ ಕರೆದ. ಎರಡನೇ ಎಲೆಯ ಮುಂದೆ ಬಂದವನು ಪಕ್ಕದ ಅಂಗಿಯ ಮಡಿಕೆ ಸರಿಮಾಡುತ್ತಾ ನಿಂತ.

"ಅಣ್ಣನ್ನ ಕರಿಯಪ್ಪ" ಅಂದಳು ಮುನಿಯಮ್ಮ.

ಅವನು ಎಲೆಗೆ ಬೆನ್ನು ಹಾಕಿ ಹೊಸ್ತಿಲಿಗೆ ಹೋಗಿ ನಿಂತ. "ಅಣ್ಣೋ, ಬಾರೋ, ಮನೆಗ್ ಬಾರೋ" ಎಂದು ಬೀದಿಯ ಕಡೆಗೆ ಕೂಗಿದ. ಎದುರು ಮನೆಯವರು ಬಾಗಿಲಿಗೆ ಬಂದರು. ಮುನಿಯಮ್ಮ ಹಿಂದಿನಿಂದ ಬಂದು ಅವನ ತೋಳು ಹಿಡಿದಳು.

"ಮೆಲ್ಲುಗ್ ಕರಿ ಮಗ" ಅಂದಳು. "ಹೋದೋರ್ಗೆ ಮೆಲ್ಲುಗ್ ಕರುದ್ರೂ ಕೇಳ್ತದೆ."

ಹನುಮಂತಯ್ಯ ಇನ್ನೂ ಜೋರಾಗಿ ಕೂಗಿದ.